ನಾಯಕರು ಎಷ್ಟು ವರ್ಷ ಬದುಕಿದರು, ಯಾತರಿಂದ ಹೋದರು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿರುವ ಎಲ್‌ಐಸಿ ಏಜೆಂಟ್. ಮೂಲ ಊರು ಗದಗ. ಇಪ್ಪತ್ತೈದು ವರ್ಷದಿಂದ ಡೆತ್ ಕ್ಲೇಮ್ ಫಾರಂ ತುಂಬಿಸಿ ತುಂಬಿಸಿ ಒಂದು ಚಟ ಹತ್ತಿಬಿಟ್ಟಿದೆ. ದೊಡ್ಡ ನಾಯಕರು ಯಾರೇ ತೀರಿಕೊಂಡ ಸುದ್ದಿ ಬರಲಿ, ಹುಟ್ಟಿದ ದಿನ, ಹೋದ ದಿನ, ಕಾರಣ ಮೂರನ್ನೂ ಡೈರಿಯಲ್ಲಿ ಬರೆದಿಡುತ್ತೇನೆ. ಹಳಬರದನ್ನೂ ಹುಡುಕಿ ಸೇರಿಸಿದ್ದೇನೆ. ಕನ್ನಡ ಸಂಘದ ಕ್ವಿಜ್‌ನಲ್ಲಿ ಒಂದು ಸಲ ಈ ಡೈರಿ ಹೊರಗೆ ತೆಗೆದದ್ದೇ ತಪ್ಪಾಯಿತು. ಅಂದಿನಿಂದ ಲೋಕಲ್‌ನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ ಅದೇ ಪ್ರಶ್ನೆಗಳು. ಎಲ್ಲಕ್ಕೂ ಒಂದೇ ಕಡೆ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ.

ಇದೆಂಥ ಹವ್ಯಾಸ ರೀ? ಅಪಶಕುನ ಅನ್ನಿಸಲ್ವಾ?

ನನ್ನ ಹೆಂಡತಿಗೆ ಅನ್ನಿಸುತ್ತದೆ. ಡೈರಿ ದೇವರ ಮನೆ ಹತ್ತಿರ ತರಬಾರದು ಅಂತ ಕಟ್ಟಪ್ಪಣೆ.

ನಮ್ಮ ಪ್ರಧಾನಿಗಳು ಸರಾಸರಿ ಎಷ್ಟು ವರ್ಷ ಬದುಕಿದ್ದಾರೆ?

ತೀರಿಕೊಂಡ ಪ್ರಧಾನಿಗಳು 13 ಜನ, ಹಂಗಾಮಿಯಾಗಿದ್ದ ಗುಲ್ಜಾರಿಲಾಲ್ ನಂದಾ ಅವರನ್ನೂ ಸೇರಿಸಿ. ನೆಹರೂ 74, ನಂದಾ 99, ಶಾಸ್ತ್ರಿ 61, ಇಂದಿರಾ 66, ಮೊರಾರ್ಜಿ 99, ಚರಣ್ ಸಿಂಗ್ 84, ರಾಜೀವ್ 46, ವಿ.ಪಿ. ಸಿಂಗ್ 77, ಚಂದ್ರಶೇಖರ್ 80, ನರಸಿಂಹ ರಾವ್ 83, ಗುಜ್ರಾಲ್ 92, ವಾಜಪೇಯಿ 93, ಮನಮೋಹನ್ ಸಿಂಗ್ 92. ಕೂಡಿಸಿದರೆ 1046. ಹದಿಮೂರರಿಂದ ಭಾಗಿಸಿದರೆ 80 ದಾಟುತ್ತದೆ. ಹತ್ಯೆಯಾದ ಇಬ್ಬರನ್ನು ಬಿಟ್ಟು ಲೆಕ್ಕ ಹಾಕಿ ನೋಡಿ, ಹೆಚ್ಚುಕಮ್ಮಿ 85.

ಇವೆಲ್ಲ ತುಂಬಿದ ವರ್ಷಗಳು. ಪಾಲಿಸಿ ಲೆಕ್ಕದಲ್ಲಿ ನಾವು ಹತ್ತಿರದ ಹುಟ್ಟುಹಬ್ಬ ಹಿಡಿಯುತ್ತೇವೆ, ಇಲ್ಲಿ ಹಾಗೆ ಮಾಡಿಲ್ಲ. ಗುಜ್ರಾಲ್ ಅವರು 2012ರ ನವೆಂಬರ್ 30ರಂದು ಹೋದರು. ಇನ್ನು ನಾಲ್ಕು ದಿನ ಇದ್ದಿದ್ದರೆ 93 ಆಗುತ್ತಿತ್ತು. ಆದರೂ ನನ್ನ ಡೈರಿಯಲ್ಲಿ 92.

ಹಾಗಾದರೆ ಆ ಕುರ್ಚಿಯಲ್ಲಿ ಕೂತರೆ ಆಯಸ್ಸು ಜಾಸ್ತಿ ಆಗುತ್ತಾ?

ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 32 ಅನ್ನುತ್ತಾರಲ್ಲ, ಅದರ ಪಕ್ಕ 80 ಇಟ್ಟು ನೋಡಿ ಜನ ಬೆರಗಾಗುತ್ತಾರೆ. ಆ 32ರ ಒಳಗೆ ಹುಟ್ಟಿದ ತಿಂಗಳಲ್ಲೇ ಹೋದ ಕೂಸುಗಳೂ ಇದ್ದಾವೆ, ಕಾಲರಾ, ಮಲೇರಿಯಾ, ಹೆರಿಗೆಯಲ್ಲಿ ಹೋದವರೂ ಇದ್ದಾರೆ. ಪ್ರಧಾನಿ ಆಗುವ ಮನುಷ್ಯ ಇದೆಲ್ಲ ದಾಟಿಯೇ ಬಂದಿರುತ್ತಾನೆ. ಮೊರಾರ್ಜಿ ಪ್ರಧಾನಿ ಆದಾಗಲೇ 81. ಅಂದ ಮೇಲೆ ಅವರು 81ಕ್ಕಿಂತ ಕಡಿಮೆ ಬದುಕಿದರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ? ಅಂಬರನಾಥ್‌ನಲ್ಲಿ ಲೋಕಲ್ ರೈಲು ಹತ್ತಿದವರ ಸರಾಸರಿ ಪ್ರಯಾಣವನ್ನು, ಠಾಣೆ ದಾಟಿದ ಮೇಲೂ ಗಾಡಿಯಲ್ಲೇ ಉಳಿದವರನ್ನು ಮಾತ್ರ ಕೇಳಿ ಲೆಕ್ಕ ಹಾಕಿದ ಹಾಗೆ ಇದು. ಜೊತೆಗೆ ಒಳ್ಳೆಯ ಊಟ, ಒಳ್ಳೆಯ ಡಾಕ್ಟರ್. ಅದನ್ನೂ ಮರೆಯಬೇಡಿ.

ಎಲ್ಲರಿಗಿಂತ ಜಾಸ್ತಿ ಬದುಕಿದವರು ಮೊರಾರ್ಜಿ ತಾನೇ?

ಅಲ್ಲ, ನಂದಾ. ಇಬ್ಬರದ್ದೂ 99, ಆದರೆ ನಂದಾ ಅವರು 1898ರ ಜುಲೈ 4ರಿಂದ 1998ರ ಜನವರಿ 15ರವರೆಗೆ, ಅಂದರೆ ತೊಂಬತ್ತೊಂಬತ್ತೂವರೆ. ಮೊರಾರ್ಜಿ 1896ರ ಫೆಬ್ರವರಿ 29ಕ್ಕೆ ಹುಟ್ಟಿ, 1995ರ ಏಪ್ರಿಲ್ 10ಕ್ಕೆ ಇಲ್ಲೇ ಮುಂಬೈನಲ್ಲಿ ತೀರಿಕೊಂಡರು. ಕ್ವಿಜ್‌ನಲ್ಲಿ ನಾನು ಕೇಳುವ ಪ್ರಶ್ನೆ ಬೇರೆ: ಮೊರಾರ್ಜಿಗೆ ಎಷ್ಟು ಸಲ ಹುಟ್ಟುಹಬ್ಬ ಬಂತು? 1900ರಲ್ಲಿ ಫೆಬ್ರವರಿ 29 ಇರಲಿಲ್ಲ, ಹಾಗಾಗಿ ಮೊದಲನೆಯದು 1904ರಲ್ಲಿ, ಕೊನೆಯದು 1992ರಲ್ಲಿ. ಒಟ್ಟು 23. ಈ ಪ್ರಶ್ನೆಗೆ ಇವತ್ತಿನವರೆಗೆ ಯಾರೂ ಸರಿಯಾಗಿ ಹೇಳಿಲ್ಲ, ಎಲ್ಲರೂ 24 ಅನ್ನುತ್ತಾರೆ.

ಸ್ವಮೂತ್ರ ಕುಡಿಯುತ್ತಿದ್ದುದೇ ಅವರ ಗುಟ್ಟಾ ಅಂತಲೂ ಕೇಳುತ್ತೀರಿ. ಕುಡಿಯುತ್ತಿದ್ದುದು ನಿಜ, ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದರು. ನಂದಾ ಅವರ ಮೇಲೆ ಅಂಥ ಮಾತು ಯಾರೂ ಕೇಳಿಲ್ಲ, ಅವರೂ 99. ಮುಂದಿನದು ನಿಮಗೆ ಬಿಟ್ಟಿದ್ದು.

ಎಲ್ಲರಿಗಿಂತ ಕಡಿಮೆ?

ರಾಜೀವ್ ಗಾಂಧಿ. 1944ರಲ್ಲಿ ಮುಂಬೈನಲ್ಲಿ ಹುಟ್ಟಿದವರು. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಆತ್ಮಾಹುತಿ ಬಾಂಬ್. 46 ವರ್ಷ. ಹೋಗುವಾಗ ಅವರು ಪ್ರಧಾನಿ ಆಗಿರಲಿಲ್ಲ. ಇದನ್ನು ಎಷ್ಟೋ ಜನ ತಪ್ಪು ಹೇಳುತ್ತಾರೆ.

ಅಧಿಕಾರದಲ್ಲಿ ಇರುವಾಗಲೇ ಹೋದವರು ಯಾರ್‍ಯಾರು?

ಪ್ರಧಾನಿಗಳಲ್ಲಿ ಮೂವರು. 1964ರ ಮೇ 27ಕ್ಕೆ ನೆಹರೂ, 1966ರ ಜನವರಿ 11ಕ್ಕೆ ಶಾಸ್ತ್ರಿ, 1984ರ ಅಕ್ಟೋಬರ್ 31ಕ್ಕೆ ಇಂದಿರಾ. ರಾಷ್ಟ್ರಪತಿಗಳಲ್ಲಿ ಇಬ್ಬರು: 1969ರಲ್ಲಿ ಜಾಕಿರ್ ಹುಸೇನ್, 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್. ಫಕ್ರುದ್ದೀನ್ ಹೋದಾಗ ಹಂಗಾಮಿ ರಾಷ್ಟ್ರಪತಿ ಆದವರು ನಮ್ಮ ಬಿ.ಡಿ. ಜತ್ತಿ. ಜತ್ತಿಯವರು 2002ರವರೆಗೆ ಇದ್ದರು, 89 ವರ್ಷ.

ಪೇಪರ್‌ನಲ್ಲಿ ಯಾವಾಗ ನೋಡಿದರೂ "ಹೃದಯಾಘಾತದಿಂದ ನಿಧನ" ಅಂತಲೇ ಇರುತ್ತಲ್ಲ, ಎಲ್ಲರಿಗೂ ಹಾರ್ಟ್ ಅಟ್ಯಾಕೇ ಆಗುತ್ತಾ?

ನನಗೆ ಇಷ್ಟದ ಪ್ರಶ್ನೆ ಇದು, ಸ್ವಲ್ಪ ಉದ್ದ ಆಗುತ್ತದೆ.

ಹೃದಯ ನಿಲ್ಲುವುದು ಸಾವು, ಸಾವಿನ ಕಾರಣ ಅಲ್ಲ. ಯಾರೇ ಯಾತರಿಂದಲೇ ಹೋಗಲಿ, ಕೊನೆಗೆ ಹೃದಯ ನಿಲ್ಲಲೇಬೇಕು. ಅದಕ್ಕೇ ಡಾಕ್ಟರು ಬರೆಯುವ ಸರ್ಟಿಫಿಕೇಟ್‌ನಲ್ಲಿ ಸಾಲು ಸಾಲಾಗಿ ಕೇಳಿರುತ್ತಾರೆ: ಕೊನೆಯ ಗಳಿಗೆಯ ಕಾರಣ ಏನು, ಅದಕ್ಕೆ ಹಿಂದಿನದ್ದು ಏನು, ಎಲ್ಲದಕ್ಕೂ ಬುಡದಲ್ಲಿದ್ದ ಕಾಯಿಲೆ ಯಾವುದು. ಆ ಬುಡದ ಸಾಲೇ ಮುಖ್ಯ. ನನ್ನ ಗಿರಾಕಿಯೊಬ್ಬರು ತೀರಿಕೊಂಡಾಗ ಆಸ್ಪತ್ರೆಯವರು ಬರೀ "ಹೃದಯ, ಉಸಿರಾಟ ನಿಂತು ಸಾವು" ಅಂತ ಗೀಚಿ ಕೊಟ್ಟಿದ್ದರು. ಬುಡದ ಕಾಯಿಲೆ ಬರೆಸಿಕೊಂಡು ಬರುವುದಕ್ಕೆ ಅವರ ಮಗನೂ ನಾನೂ ನಾಲ್ಕು ಸಲ ಅಲೆದೆವು, ನಾಲ್ಕನೇ ಸಲ ಡಾಕ್ಟರು ರಜೆ ಮೇಲೆ ಊರಿಗೆ ಹೋಗಿದ್ದರು. ಆಮೇಲಿಂದ ಪೇಪರ್ ಓದುವ ನನ್ನ ಕಣ್ಣೇ ಬದಲಾಯಿತು.

ನೆಹರೂ ಅವರನ್ನೇ ನೋಡಿ. ಹಾರ್ಟ್ ಅಟ್ಯಾಕ್ ಅಂತ ಎಲ್ಲರ ಬಾಯಲ್ಲೂ ಇದೆ. ಆದದ್ದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಪಧಮನಿ, ಒಡೆದದ್ದು. ಅದಕ್ಕೂ ಮೊದಲು ಆ ವರ್ಷದ ಜನವರಿಯಲ್ಲೇ ಭುವನೇಶ್ವರದ ಕಾಂಗ್ರೆಸ್ ಅಧಿವೇಶನದಲ್ಲಿ ಲಕ್ವ ಹೊಡೆದಿತ್ತು. ಒಂದೇ ದಿನ ದಿಢೀರನೆ ಆದದ್ದಲ್ಲ. ಸರ್ದಾರ್ ಪಟೇಲರಿಗೆ 1948ರ ಮಾರ್ಚ್‌ನಲ್ಲೇ ಒಂದು ಅಟ್ಯಾಕ್ ಆಗಿತ್ತು, ಹೋದದ್ದು 1950ರ ಡಿಸೆಂಬರ್ 15ಕ್ಕೆ. ನಡುವಿನ ಆ ದಿನಗಳಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸುವ ಕೆಲಸವೂ ಮುಗಿಯಿತು. ಮನಮೋಹನ್ ಸಿಂಗ್ ಅವರಿಗೆ 1990ರಲ್ಲಿ ಒಂದು ಬೈಪಾಸ್, 2009ರ ಜನವರಿಯಲ್ಲಿ ಎರಡನೇದು. ಎರಡನೇದನ್ನು ಮಾಡಿದ ತಂಡದ ಮುಂದಾಳು ಮುಂಬೈನಿಂದ ದೆಹಲಿಗೆ ಹೋದ ಡಾಕ್ಟರ್ ರಮಾಕಾಂತ್ ಪಾಂಡಾ. ಆಮೇಲೆ ಮನಮೋಹನ್ ಐದು ವರ್ಷಕ್ಕೂ ಜಾಸ್ತಿ ದೇಶ ನಡೆಸಿದರು, 92ರವರೆಗೆ ಬದುಕಿದರು. ಪಟೇಲರ ಹೃದಯಕ್ಕೂ ಮನಮೋಹನ್ ಅವರ ಹೃದಯಕ್ಕೂ ನಡುವೆ ಇರುವ ವ್ಯತ್ಯಾಸ ಏನು ಅಂದರೆ ನಾನು ಮೊದಲು ಇಸವಿ ನೋಡಿ ಅನ್ನುತ್ತೇನೆ. 1950ರಲ್ಲಿ ಬೈಪಾಸ್ ಅನ್ನುವುದೇ ಇರಲಿಲ್ಲ.

ಶಾಸ್ತ್ರಿಯವರಿಗೆ ವಿಷ ಹಾಕಿದರಂತೆ, ನಿಜನಾ?

ಅಧಿಕೃತ ಕಾರಣ ಹೃದಯಾಘಾತ. 1966ರ ಜನವರಿ 10ಕ್ಕೆ ತಾಷ್ಕೆಂಟ್‌ನಲ್ಲಿ ಅಯೂಬ್ ಖಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು, ಅದೇ ರಾತ್ರಿ ಒಂದೂವರೆ ಸುಮಾರಿಗೆ ಹೋದರು. ಅದಕ್ಕೆ ಮುಂಚೆಯೂ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತ್ತು, ಇದನ್ನು ವಿಷದ ಕಥೆ ಹೇಳುವವರು ಹೇಳುವುದಿಲ್ಲ. ಇನ್ನೊಂದು ಕಡೆ, ಪೋಸ್ಟ್‌ಮಾರ್ಟಂ ಮಾಡಲಿಲ್ಲ. ಮನೆಯವರಿಗೆ ಅನುಮಾನ ಹೋಗಲೇ ಇಲ್ಲ. ನನ್ನ ಧಂಧೆಯಲ್ಲಿ ಇದು ದಿನದ ಪಾಠ: ಪೋಸ್ಟ್‌ಮಾರ್ಟಂ ಬೇಡ ಅಂದ ಕೇಸ್ ಎಂದಿಗೂ ಮುಗಿಯುವುದಿಲ್ಲ. ವಿಷ ಅನ್ನುವುದಕ್ಕೆ ಗಟ್ಟಿ ಪುರಾವೆ ಹೊರಗೆ ಬಂದಿಲ್ಲ. ಡೈರಿಯಲ್ಲಿ ನಾನು ಬರೆದಿರುವುದು "ಹೃದಯಾಘಾತ, ಪೋಸ್ಟ್‌ಮಾರ್ಟಂ ಇಲ್ಲ".

ನೇತಾಜಿ?

1945ರ ಆಗಸ್ಟ್ 18, ತೈಪೆಯಲ್ಲಿ ವಿಮಾನ ಬಿದ್ದು ಸುಟ್ಟ ಗಾಯ, 48 ವರ್ಷ. 1956ರ ಶಾ ನವಾಜ್ ಸಮಿತಿ, ಆಮೇಲಿನ ಖೋಸ್ಲಾ ಆಯೋಗ ಎರಡೂ ಇದನ್ನೇ ಹೇಳಿದವು. ಮುಖರ್ಜಿ ಆಯೋಗ ಒಪ್ಪಲಿಲ್ಲ, ಆದರೆ ಆ ವರದಿಯನ್ನು ಸರ್ಕಾರ 2006ರಲ್ಲಿ ತಳ್ಳಿಹಾಕಿತು. ಸನ್ಯಾಸಿಯಾಗಿದ್ದರು ಅನ್ನುವ ವಾಟ್ಸಾಪ್ ದಯವಿಟ್ಟು ನನಗೆ ಕಳಿಸಬೇಡಿ.

ಹಳೇ ಕಾಲದ ನಾಯಕರು ಪುಣೆಯ ಗಾಳಿ, ಸಾದಾ ಊಟ ಇದ್ದೂ ಇಷ್ಟು ಬೇಗ ಯಾಕೆ ಹೋದರು?

ಪುಣೆಯ ಗಾಳಿಗೆ ಸಕ್ಕರೆ ಕಾಯಿಲೆ ಹೆದರುವುದಿಲ್ಲ. ಗೋಪಾಲಕೃಷ್ಣ ಗೋಖಲೆ 1915ರ ಫೆಬ್ರವರಿ 19ಕ್ಕೆ ಪುಣೆಯಲ್ಲಿ ಹೋದಾಗ ಬರೀ 48. ಸಕ್ಕರೆ ಕಾಯಿಲೆ ಅವರನ್ನು ಒಳಗೊಳಗೇ ತಿಂದಿತ್ತು. ತಿಲಕರಿಗೂ ಅದೇ ಕಾಯಿಲೆ ಇತ್ತು. ಅವರು 1920ರ ಆಗಸ್ಟ್ 1ರಂದು ಮುಂಬೈನ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಸರ್ದಾರ್ ಗೃಹದಲ್ಲಿ ನ್ಯುಮೋನಿಯಾದಿಂದ ಹೋದರು, 64 ವರ್ಷ. ಈಗ ಇಸವಿ ನೋಡಿ. ಇನ್ಸುಲಿನ್ ಮೊದಲ ರೋಗಿಗೆ ಚುಚ್ಚಿದ್ದು 1922ರ ಜನವರಿಯಲ್ಲಿ, ಅದೂ ಕೆನಡಾದಲ್ಲಿ. ನ್ಯುಮೋನಿಯಾಕ್ಕೆ ಪೆನ್ಸಿಲಿನ್ ಸಿಗುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಿತ್ತು. ಇವತ್ತು ಡೊಂಬಿವ್ಲಿ ಸ್ಟೇಷನ್ ಎದುರಿನ ಮೆಡಿಕಲ್‌ನಲ್ಲಿ ಸಿಗುವ ಎರಡು ಔಷಧಿ ಇದ್ದಿದ್ದರೆ ಗೋಖಲೆ ಗಾಂಧೀಜಿಯ ಜೊತೆ ಇನ್ನೆಷ್ಟು ವರ್ಷ ಇರುತ್ತಿದ್ದರೋ.

ಅಂಬೇಡ್ಕರ್ ಕಾಲಕ್ಕೆ ಇನ್ಸುಲಿನ್ ಇತ್ತು, ಅವರು ತೆಗೆದುಕೊಳ್ಳುತ್ತಲೂ ಇದ್ದರು. ಆದರೆ ಕಾಲು ನೋವು, ಕಣ್ಣಿನ ತೊಂದರೆ, ಅದರ ಮೇಲೆ ರಾತ್ರಿಯೆಲ್ಲ ಓದು ಬರಹ. 1956ರ ಅಕ್ಟೋಬರ್ 14ಕ್ಕೆ ನಾಗ್ಪುರದಲ್ಲಿ ಬೌದ್ಧ ದೀಕ್ಷೆ, ಡಿಸೆಂಬರ್ 6ಕ್ಕೆ ದೆಹಲಿಯ ಮನೆಯಲ್ಲಿ ನಿದ್ದೆಯಲ್ಲೇ ಹೋದರು. 65.

ಎಲ್ಲ ಹಳಬರೂ ಬೇಗ ಹೋದರು ಅನ್ನುವುದೂ ತಪ್ಪು. ದಾದಾಭಾಯಿ ನವರೋಜಿ 1825ರಲ್ಲಿ ಹುಟ್ಟಿ 1917ರವರೆಗೆ ಇದ್ದರು, 91 ವರ್ಷ.

ಪುಣೆಯ ಆಗಾ ಖಾನ್ ಅರಮನೆಯಲ್ಲಿ ಇಬ್ಬರ ಸಮಾಧಿ ಇದೆಯಲ್ಲ, ಏನಾಗಿತ್ತು?

ಗಾಂಧೀಜಿ ಜೊತೆ ಅಲ್ಲಿ ಸೆರೆಯಲ್ಲಿದ್ದ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ 1942ರ ಆಗಸ್ಟ್ 15ಕ್ಕೆ, ಬಂಧನವಾಗಿ ಒಂದೇ ವಾರದಲ್ಲಿ, ಹೃದಯಾಘಾತದಿಂದ ಹೋದರು. 50 ವರ್ಷ. ಕಸ್ತೂರ್ಬಾ ಹೋದದ್ದು 1944ರ ಫೆಬ್ರವರಿ 22ಕ್ಕೆ. ಮಗ ದೇವದಾಸ್ ಆ ಕಾಲಕ್ಕೆ ಬಂಗಾರಕ್ಕಿಂತ ಅಪರೂಪವಾಗಿದ್ದ ಪೆನ್ಸಿಲಿನ್ ತರಿಸಿದ್ದರು. ಇನ್ನು ಚುಚ್ಚಿ ಹಿಂಸೆ ಮಾಡುವುದು ಬೇಡ ಅಂತ ಗಾಂಧೀಜಿ ತಡೆದರು. ಇದನ್ನು ಓದಿದ ದಿನ ನನಗೆ ಸಿಟ್ಟು ಬಂದಿತ್ತು. ಆಮೇಲೆ ನಮ್ಮ ತಾಯಿಯ ಕೊನೆಯ ವಾರದಲ್ಲಿ ಐಸಿಯು ಹೊರಗೆ ಕೂತಾಗ ಆ ಸಿಟ್ಟು ಇಳಿಯಿತು. ಪೆನ್ಸಿಲಿನ್ ಕೊಟ್ಟಿದ್ದರೂ ಆ ಹೊತ್ತಿಗೆ ಉಳಿಯುತ್ತಿದ್ದರು ಅಂತ ಹೇಳುವ ಹಾಗಿಲ್ಲ, ಅವರ ಹೃದಯ ಆಗಲೇ ಸೋತಿತ್ತು.

ಹಾಗಂತ ಗಾಂಧೀಜಿ ಡಾಕ್ಟರರನ್ನೇ ದೂರ ಇಟ್ಟವರಲ್ಲ. ಅದೇ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ 1924ರ ಜನವರಿ 12ರ ರಾತ್ರಿ ಅವರಿಗೆ ಅಪೆಂಡಿಸೈಟಿಸ್ ಆಪರೇಷನ್ ಆಯಿತು. ನಡುವೆ ಗುಡುಗು ಮಳೆಗೆ ಕರೆಂಟ್ ಹೋಗಿ, ಲಾಟೀನು ಬೆಳಕಿನಲ್ಲಿ ಮುಗಿಸಿದರು. 125 ವರ್ಷ ಬದುಕುವ ಆಸೆ ಇಟ್ಟುಕೊಂಡಿದ್ದ ಮನುಷ್ಯ ಅವರು. 78ಕ್ಕೆ, 1948ರ ಜನವರಿ 30ಕ್ಕೆ, ಪುಣೆಯಿಂದಲೇ ಹೋದವನೊಬ್ಬ ದೆಹಲಿಯಲ್ಲಿ ಮೂರು ಗುಂಡು ಹೊಡೆದ.

ಜಿನ್ನಾ ಕಾಯಿಲೆ ಮುಚ್ಚಿಟ್ಟಿದ್ದರಂತೆ?

ಹೌದು, ಕ್ಷಯ. ಎಕ್ಸ್‌ರೇ ಇದ್ದದ್ದು ನಮ್ಮ ಮುಂಬೈನ ಡಾಕ್ಟರೊಬ್ಬರ ಹತ್ತಿರ, ಅವರು ಬಾಯಿ ಬಿಡಲಿಲ್ಲ. 1948ರ ಸೆಪ್ಟೆಂಬರ್ 11ಕ್ಕೆ ಕ್ವೆಟ್ಟಾ ಕಡೆಯಿಂದ ಕರಾಚಿಗೆ ವಿಮಾನದಲ್ಲಿ ತಂದರು. ಇಳಿದ ಮೇಲೆ ಆಂಬುಲೆನ್ಸ್ ಕೆಟ್ಟು ದಾರಿಯಲ್ಲೇ ನಿಂತಿತು, ಸೆಕೆಯಲ್ಲಿ ಬೇರೆ ಗಾಡಿಗೆ ಕಾದರು. ಅದೇ ರಾತ್ರಿ ಹೋದರು, 71. ಒಂದು ದೇಶ ಕಟ್ಟಿದವರಿಗೆ ಒಂದು ಆಂಬುಲೆನ್ಸ್ ನೆಟ್ಟಗೆ ಸಿಗಲಿಲ್ಲ.

ಬದುಕಿದ್ದವರನ್ನೇ ಸತ್ತರು ಅಂತ ಪಾರ್ಲಿಮೆಂಟಿನಲ್ಲಿ ಹೇಳಿದ್ದರಂತೆ, ಕಥೆ ಅಲ್ವಾ?

ಕಥೆ ಅಲ್ಲ. 1979ರ ಮಾರ್ಚ್. ಜಯಪ್ರಕಾಶ್ ನಾರಾಯಣ್ ಮುಂಬೈನ ಜಸಲೋಕ್ ಆಸ್ಪತ್ರೆಯಲ್ಲಿದ್ದರು. ತುರ್ತು ಪರಿಸ್ಥಿತಿಯ ಸೆರೆಯ ಕಾಲದಿಂದಲೇ ಕಿಡ್ನಿ ಕೆಟ್ಟು ಡಯಾಲಿಸಿಸ್ ಮೇಲೆ ಬದುಕು ನಡೆದಿತ್ತು. ಅವರು ಹೋದರು ಅಂತ ತಪ್ಪು ಸುದ್ದಿ ದೆಹಲಿಗೆ ಮುಟ್ಟಿತು, ಪ್ರಧಾನಿ ಮೊರಾರ್ಜಿ ಲೋಕಸಭೆಯಲ್ಲಿ ಘೋಷಿಸಿದರು, ಶ್ರದ್ಧಾಂಜಲಿ ಆಯಿತು, ಸದನವನ್ನು ಮುಂದೂಡಿದರು. ಇಲ್ಲಿ ಪೆಡ್ಡರ್ ರೋಡಿನಲ್ಲಿ ಜೆಪಿ ಇನ್ನೂ ಉಸಿರಾಡುತ್ತಿದ್ದರು. ನಿಜವಾಗಿ ಹೋದದ್ದು ಅದೇ ವರ್ಷ ಅಕ್ಟೋಬರ್ 8ಕ್ಕೆ, ಪಟ್ನಾದಲ್ಲಿ. ಅಂದರೆ ಶ್ರದ್ಧಾಂಜಲಿ ಆದ ಮೇಲೆ ಆರು ತಿಂಗಳು. ಸರ್ಟಿಫಿಕೇಟ್ ಕೈಗೆ ಬರುವವರೆಗೆ ನಾನು ಯಾವ ಕ್ಲೇಮನ್ನೂ ಬರೆಯದಿರುವುದಕ್ಕೆ ನಮ್ಮ ಆಫೀಸಿನಲ್ಲಿ ಹೇಳುವ ಉದಾಹರಣೆ ಇದು.

ವಿ.ಪಿ. ಸಿಂಗ್ ಯಾವಾಗ ಹೋದರು ಅಂತ ಯಾರಿಗೂ ನೆನಪೇ ಇಲ್ಲವಲ್ಲ?

ಹೇಗೆ ಇರಬೇಕು? 2008ರ ನವೆಂಬರ್ 27. ಹಿಂದಿನ ರಾತ್ರಿ ಮುಂಬೈ ಮೇಲೆ ಉಗ್ರರ ದಾಳಿ ಆಗಿ ಸಿಎಸ್‌ಟಿ ಸ್ಟೇಷನ್‌ನಲ್ಲಿ ಗುಂಡು ಹಾರಿತ್ತು, ತಾಜ್ ಹೋಟೆಲ್ ಇನ್ನೂ ಉರಿಯುತ್ತಿತ್ತು. ನಾವು ಟಿವಿ ಮುಂದೆ ಕೂತಿದ್ದೆವು, ಕೆಳಗೆ ಓಡುವ ಅಕ್ಷರಗಳಲ್ಲಿ ಮಾಜಿ ಪ್ರಧಾನಿಯ ಸಾವು ಬಂದು ಹೋಯಿತು. ಅವರಿಗೆ ವರ್ಷಗಟ್ಟಲೆ ಕಾಡಿದ್ದು ಮೂಳೆ ಮಜ್ಜೆಯ ಕ್ಯಾನ್ಸರ್. ವಿಚಿತ್ರ ಅಂದರೆ ಅವರ ನಂತರ ಪ್ರಧಾನಿ ಆದ ಚಂದ್ರಶೇಖರ್ ಅವರನ್ನು 2007ರಲ್ಲಿ ಒಯ್ದದ್ದೂ ಅದೇ ಕ್ಯಾನ್ಸರ್.

ಗೋವಾದವರ ಬಗ್ಗೆ ಬರೆಯಲ್ವಾ? (ವಾಸ್ಕೋದ ನಮ್ಮ ಉತ್ತರ ಕನ್ನಡದ ಗೆಳೆಯರು)

ಪಣಜಿಯ ಮಿರಾಮಾರ್ ಬೀಚ್‌ಗೆ ಹೋದರೆ ಇಬ್ಬರು ಮುಖ್ಯಮಂತ್ರಿಗಳು ಅಕ್ಕಪಕ್ಕ ಸಿಗುತ್ತಾರೆ. ದಯಾನಂದ ಬಾಂದೋಡ್ಕರ್, 1973ರ ಆಗಸ್ಟ್ 12, ಹೃದಯಾಘಾತ, 62. ಮನೋಹರ ಪರ್ರೀಕರ್, 2019ರ ಮಾರ್ಚ್ 17, ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್, 63. ಇಬ್ಬರೂ ಕುರ್ಚಿಯಲ್ಲಿ ಇದ್ದಾಗಲೇ. ಪರ್ರೀಕರ್ ಮೂಗಿನಲ್ಲಿ ನಳಿಗೆ ಇಟ್ಟುಕೊಂಡೇ ಆ ಜನವರಿಯಲ್ಲಿ ಮಾಂಡವಿ ಸೇತುವೆ ಉದ್ಘಾಟನೆಗೆ ಬಂದಿದ್ದರು. ಛಲ ಅನ್ನುವವರು ಅನ್ನಲಿ, ನನಗಂತೂ ಆ ಫೋಟೋ ನೋಡಿದರೆ ಸಂಕಟ ಆಗುತ್ತದೆ. ಮನೆಯಲ್ಲಿ ಮಲಗಬೇಕಾದ ಮನುಷ್ಯ.

ಪಣಜಿಯ ಜೂನ್ 18 ರಸ್ತೆ ಗೊತ್ತಲ್ಲ? 1946ರ ಆ ದಿನ ಮಡಗಾಂವ್‌ನಲ್ಲಿ ಪೋರ್ಚುಗೀಸರ ವಿರುದ್ಧ ಭಾಷಣಕ್ಕೆ ನಿಂತು ಬಂಧನವಾದ ರಾಮ್ ಮನೋಹರ್ ಲೋಹಿಯಾ 57ಕ್ಕೇ ಹೋದರು. 1967ರ ಅಕ್ಟೋಬರ್ 12, ದೆಹಲಿಯ ವಿಲ್ಲಿಂಗ್ಡನ್ ಆಸ್ಪತ್ರೆ, ಪ್ರಾಸ್ಟೇಟ್ ಆಪರೇಷನ್ ನಂತರದ ತೊಡಕು. ಆಮೇಲೆ ಆ ಆಸ್ಪತ್ರೆಗೇ ಅವರ ಹೆಸರಿಟ್ಟರು.

ತಾವಾಗಿಯೇ ಊಟ ಬಿಟ್ಟು ಹೋದವರೂ ಇದ್ದಾರಾ?

ಇಬ್ಬರು. ದಾದರ್‌ನಲ್ಲಿದ್ದ ಸಾವರ್ಕರ್ 1966ರ ಫೆಬ್ರವರಿ 1ರಿಂದ ಅನ್ನ, ಔಷಧಿ ಬಿಟ್ಟರು, 26ಕ್ಕೆ ಹೋದರು, 82. ವಿನೋಬಾ 1982ರ ನವೆಂಬರ್ 15ಕ್ಕೆ ಪವನಾರ್ ಆಶ್ರಮದಲ್ಲಿ, 87. ಒಬ್ಬರ ದಾರಿ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ, ಕೊನೆ ಮಾತ್ರ ಒಂದೇ ಥರ.

ಹೊರದೇಶದವರು?

ಡೈರಿಯ ಕೊನೆ ಪುಟಗಳಲ್ಲಿ ಸ್ವಲ್ಪ ಇದೆ. ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ 1881ರ ಜುಲೈ 2ಕ್ಕೆ ಗುಂಡು ಬಿತ್ತು, ಹೋದದ್ದು ಸೆಪ್ಟೆಂಬರ್ 19ಕ್ಕೆ. ಗುಂಡಿಗಿಂತ ಹೆಚ್ಚು ಕೆಡುಕು ಮಾಡಿದ್ದು ಡಾಕ್ಟರರ ತೊಳೆಯದ ಬೆರಳುಗಳು. ಗಾಯದೊಳಗೆ ಮತ್ತೆ ಮತ್ತೆ ಕೈ ಹಾಕಿ ಗುಂಡು ಹುಡುಕಿದರು, ಕೀವಾಯಿತು. ಸೋವಿಯತ್ ನಾಡಿನಲ್ಲಿ 1982ರ ನವೆಂಬರ್‌ನಿಂದ 1985ರ ಮಾರ್ಚ್ ಒಳಗೆ ಬ್ರೆಜ್ನೆವ್, ಆಂದ್ರೊಪೊವ್, ಚೆರ್ನೆಂಕೊ ಒಬ್ಬರ ಹಿಂದೆ ಒಬ್ಬರು ಹೋದರು, ಮೂವರೂ ಕಾಯಿಲೆಯವರು. ಆಸ್ಟ್ರೇಲಿಯಾದ ಪ್ರಧಾನಿ ಹೆರಾಲ್ಡ್ ಹೋಲ್ಟ್ 1967ರ ಡಿಸೆಂಬರ್‌ನಲ್ಲಿ ಸಮುದ್ರದಲ್ಲಿ ಈಜಲು ಇಳಿದವರು ಮೇಲೆ ಬರಲೇ ಇಲ್ಲ, ಹೆಣವೂ ಸಿಗಲಿಲ್ಲ. ಪಾಕಿಸ್ತಾನದ ಮೊದಲ ಪ್ರಧಾನಿ ಲಿಯಾಕತ್ 1951ರಲ್ಲಿ ಗುಂಡಿಗೆ ಬಲಿಯಾದ ರಾವಲ್ಪಿಂಡಿಯ ಅದೇ ಮೈದಾನದ ಬಾಗಿಲಲ್ಲಿ 2007ರಲ್ಲಿ ಬೆನಜೀರ್. ನೂರು ಮುಟ್ಟಿದ ಅಮೆರಿಕ ಅಧ್ಯಕ್ಷರು ಜಿಮ್ಮಿ ಕಾರ್ಟರ್ ಒಬ್ಬರೇ. ಮನಮೋಹನ್ ಹೋದ ಮೂರನೇ ದಿನ ಅವರೂ ಹೋದರು.

ನಮ್ಮ ಕನ್ನಡದವರಲ್ಲಿ ದೀರ್ಘಾಯುಷಿ ಯಾರು?

ಮುಖ್ಯಮಂತ್ರಿಗಳಾಗಿದ್ದವರಲ್ಲಿ ನಿಜಲಿಂಗಪ್ಪ, 97. 1902ರ ಡಿಸೆಂಬರ್‌ನಿಂದ 2000ದ ಆಗಸ್ಟ್‌ವರೆಗೆ. ದೇವೇಗೌಡರು 1933ರ ಮೇ 18ರಂದು ಹುಟ್ಟಿದವರು, 90 ದಾಟಿಯೂ ರಾಜಕೀಯ ಬಿಟ್ಟಿಲ್ಲ. ಡೈರಿಯಲ್ಲಿ ಅವರ ಪುಟ ಖಾಲಿ ಇದೆ, ಖಾಲಿಯೇ ಇರಲಿ.

ಮುಂಬೈ ಕನ್ನಡಿಗರು ನನ್ನನ್ನು ಜಾಸ್ತಿ ಕೇಳುವುದು ಜಾರ್ಜ್ ಫರ್ನಾಂಡಿಸ್ ಬಗ್ಗೆ. ಮಂಗಳೂರಿನಿಂದ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿ ಶುರು ಮಾಡಿದ ಹುಡುಗ, 1967ರ ಚುನಾವಣೆಯಲ್ಲಿ ಮುಂಬೈ ಕಾಂಗ್ರೆಸ್‌ನ ಘಟಾನುಘಟಿ ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. 2019ರ ಜನವರಿ 29ಕ್ಕೆ ಹೋದರು, 88. ಸರ್ಟಿಫಿಕೇಟ್ ಭಾಷೆಯಲ್ಲಿ ಹೇಳಿದರೆ ಮೇಲಿನ ಸಾಲು ಹಂದಿಜ್ವರ, ಬುಡದ ಸಾಲು ಅಲ್ಜೈಮರ್ಸ್. 1974ರಲ್ಲಿ ಇಡೀ ದೇಶದ ರೈಲು ನಿಲ್ಲಿಸಿದವರಿಗೆ ಕೊನೆಗಾಲದಲ್ಲಿ ಅದ್ಯಾವುದೂ ನೆನಪಿರಲಿಲ್ಲ.

ಮುಂಬೈನಲ್ಲಿ ಇವರ ಜಾಗಗಳನ್ನು ಒಂದೇ ದಿನ ನೋಡಬಹುದಾ?

ಆರಾಮಾಗಿ. ಭಾನುವಾರ ಬೆಳಿಗ್ಗೆ ಸಿಎಸ್‌ಎಂಟಿಯಲ್ಲಿ (ಮೊದಲಿನ ಸಿಎಸ್‌ಟಿ) ಇಳಿದು ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆಯಿರಿ, ಸರ್ದಾರ್ ಗೃಹ ಸಿಗುತ್ತದೆ. ಅಲ್ಲಿಂದ ಮರೀನ್ ಲೈನ್ಸ್. ಪಟೇಲರು ಹೋದದ್ದು ಮಲಬಾರ್ ಹಿಲ್‌ನ ಬಿರ್ಲಾ ಹೌಸ್‌ನಲ್ಲಿ, ಸುಟ್ಟದ್ದು ಇಲ್ಲಿನ ಸೋನಾಪುರ ಸ್ಮಶಾನದಲ್ಲಿ, ಎಲ್ಲರನ್ನೂ ಸುಡುವ ಜಾಗದಲ್ಲೇ. ದೊಡ್ಡ ಸಮಾಧಿ ಹುಡುಕಬೇಡಿ. ಮುಂದೆ ಗಿರಗಾಂವ್ ಚೌಪಾಟಿಯಲ್ಲಿ ತಿಲಕರ ಪ್ರತಿಮೆ, ಅವರ ಚಿತೆ ಉರಿದದ್ದು ಅದೇ ಮರಳಿನಲ್ಲಿ. ಚರ್ನಿ ರೋಡ್‌ನಿಂದ ಗಾಡಿ ಹತ್ತಿ ದಾದರ್‌ನಲ್ಲಿ ಇಳಿದು ಅಂಬೇಡ್ಕರ್ ಅವರ ಅಂತ್ಯಸಂಸ್ಕಾರ ಆದ ಚೈತ್ಯಭೂಮಿಗೆ ಹೋಗಿ. ಡಿಸೆಂಬರ್ 6ರ ಆಸುಪಾಸು ಹೋಗುವುದಾದರೆ ನೀರಿನ ಬಾಟಲಿ, ಗಟ್ಟಿ ಚಪ್ಪಲಿ ಇರಲಿ, ಶಿವಾಜಿ ಪಾರ್ಕ್ ತುಂಬಾ ಜನ ಇರುತ್ತಾರೆ. ಊಟ ಮಾಟುಂಗಾದಲ್ಲಿ ಮಾಡಿ. ಮಧ್ಯಾಹ್ನ ಮೂರರ ಮೇಲೆ ಹೋದರೆ ಅನ್ನ ಖಾಲಿ, ಬರೀ ದೋಸೆ ಸಿಗುತ್ತದೆ.